ಎರಡು ದಿನದ ಸಮೂಹ ಗಾಯನ ಹಬ್ಬ ನಡೆಸುವುದು ಹೇಗೆ: ದಿನ ಗೊತ್ತುಮಾಡುವುದರಿಂದ ಕೊನೆಯ ಹಾಡಿನವರೆಗೆ

ನಮ್ಮ ಊರುಗಳಲ್ಲಿ ಸಮೂಹ ಗಾಯನ ಎಂದರೆ ಬಹುಪಾಲು ಸ್ಪರ್ಧೆಯೇ. ತಂಡ ವೇದಿಕೆ ಹತ್ತುತ್ತದೆ, ಐದು ನಿಮಿಷ ಹಾಡುತ್ತದೆ, ಫಲಿತಾಂಶ ಕೇಳಿಕೊಂಡು ಬಸ್ ಹಿಡಿಯುತ್ತದೆ. ಪಕ್ಕದ ತಾಲ್ಲೂಕಿನಿಂದ ಬಂದವರ ಜೊತೆ ಒಂದು ಸಾಲೂ ಹಾಡಿರುವುದಿಲ್ಲ. ಹಬ್ಬದಲ್ಲಿ ಆಗಬೇಕಾದದ್ದು ಅದೇ: ಬೇರೆ ಬೇರೆ ಊರಿನವರು ಶನಿವಾರ ಒಟ್ಟಿಗೆ ಕೂತು ಕಲಿಯಬೇಕು, ಭಾನುವಾರ ಸಂಜೆ ಒಂದೇ ಶ್ರುತಿಯಲ್ಲಿ ಒಟ್ಟಿಗೆ ನಿಂತು ಹಾಡಬೇಕು. ಬಹುಮಾನ ಇಟ್ಟರೆ ಶನಿವಾರದ ಕಲಿಕೆ ಹಾಳಾಗುತ್ತದೆ. ಪ್ರತಿ ತಂಡವೂ ಒಂದು ಮೂಲೆ ಹಿಡಿದು ತನ್ನ ಹಾಡನ್ನೇ ತಿದ್ದಿಕೊಳ್ಳುತ್ತದೆ. ಹಾಗಾಗಿ ಬಹುಮಾನ ಬೇಡ.

ಇಲ್ಲಿನ ಲೆಕ್ಕವೆಲ್ಲ 6 ತಂಡ, ತಂಡಕ್ಕೆ 20 ಮಂದಿಯಂತೆ 120 ಗಾಯಕರು, ಜೊತೆಗೆ 20 ಸ್ವಯಂಸೇವಕರು ಎಂಬ ಅಂದಾಜಿನದು.

ದಿನ ಮತ್ತು ಜಾಗ

ನವೆಂಬರ್ ಬಿಟ್ಟುಬಿಡಿ. ರಾಜ್ಯೋತ್ಸವದ ತಿಂಗಳಲ್ಲಿ ರಂಗಮಂದಿರವೂ ಸಿಗುವುದಿಲ್ಲ, ಒಳ್ಳೆಯ ತಬಲದವರೂ ಸಿಗುವುದಿಲ್ಲ. ಫೆಬ್ರವರಿ ಬಂತೆಂದರೆ ಪರೀಕ್ಷೆಯ ಗಡಿಬಿಡಿ. ಮಲೆನಾಡು, ಕರಾವಳಿಯಲ್ಲಿ ಮಳೆಗಾಲ ಆಗದು, ತಗಡಿನ ಮಾಡಿನ ಮೇಲೆ ಮಳೆ ಹೊಡೆದರೆ ಪಕ್ಕದವರ ದನಿಯೂ ಕೇಳುವುದಿಲ್ಲ. ಎಲ್ಲಕ್ಕಿಂತ ಅನುಕೂಲದ ಕಾಲ ಧನುರ್ಮಾಸ, ಅಂದರೆ ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ. ಆಗ ಮದುವೆಗಳಿರುವುದಿಲ್ಲ, ಕಲ್ಯಾಣ ಮಂಟಪಗಳು ಖಾಲಿ ಇರುತ್ತವೆ, ಬಾಡಿಗೆಯನ್ನೂ ಮಾತಾಡಿ ಇಳಿಸಬಹುದು. ಹಬ್ಬಕ್ಕೆ ಬೇಕಾದದ್ದೆಲ್ಲ ಮಂಟಪದಲ್ಲೇ ಇದೆ: ವೇದಿಕೆ, ಅಡುಗೆಮನೆ, ಊಟದ ಹಾಲ್, ಕಾರ್ಯಾಗಾರಕ್ಕೆ ಒದಗುವ ವಧು-ವರರ ಕಡೆಯ ಕೋಣೆಗಳು, ರಾತ್ರಿ ಮಲಗಲು ಜಾಗ. ಕ್ರಿಸ್‌ಮಸ್ ಮುಗಿಯುವವರೆಗೆ ಚರ್ಚ್ ಗಾಯಕರಿಗೆ ಬಿಡುವಿಲ್ಲ. ಆದ್ದರಿಂದ ಜನವರಿಯ ಮೊದಲ ಅಥವಾ ಎರಡನೇ ಶನಿವಾರ-ಭಾನುವಾರ ನೋಡಿ. ವೈಕುಂಠ ಏಕಾದಶಿ ಅದೇ ದಿನ ಬಿದ್ದಿದೆಯೇ ಎಂದು ಪಂಚಾಂಗ ತೆಗೆದು ನೋಡಿಕೊಳ್ಳಿ. ಅವತ್ತು ಎಷ್ಟೋ ಮಂದಿ ಉಪವಾಸವಿರುತ್ತಾರೆ, ದೇವಸ್ಥಾನದ ಸಾಲಿನಲ್ಲಿರುತ್ತಾರೆ.

ಮಂಟಪದ ಒಂದು ದೋಷವೆಂದರೆ ಪ್ರತಿಧ್ವನಿ. ನುಣ್ಣನೆಯ ನೆಲ, ಗಾಜಿನ ಕಿಟಕಿ, ಎತ್ತರದ ಸೂರು. ಮುಂಗಡ ಕೊಡುವ ಮೊದಲು ವೇದಿಕೆಯ ಮೇಲೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಸದ್ದು ಎರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ಉಳಿದರೆ ಹಾಡಿನ ಮಾತು ಕಲಸಿಹೋಗುತ್ತದೆ. ಹಿಂದಿನ ಗೋಡೆಗೆ ಶಾಮಿಯಾನದ ದಪ್ಪ ಬಟ್ಟೆಯನ್ನು ನೆರಿಗೆ ನೆರಿಗೆಯಾಗಿ ಇಳಿಬಿಟ್ಟು, ನೆಲಕ್ಕೆ ಜಮಖಾನ ಹಾಸಿದರೆ ಬಹಳಷ್ಟು ತಗ್ಗುತ್ತದೆ. ಉಳಿದದ್ದನ್ನು ತುಂಬಿ ಕೂತ ಜನರೇ ಹೀರಿಕೊಳ್ಳುತ್ತಾರೆ.

ಧ್ವನಿವರ್ಧಕಕ್ಕೆ ಪೊಲೀಸ್ ಠಾಣೆಯಿಂದ ಬರಹದಲ್ಲಿ ಅನುಮತಿ ಪಡೆಯಿರಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ನಿರ್ಬಂಧ ಇರುವುದರಿಂದ ಕಾರ್ಯಕ್ರಮ 8ಕ್ಕೆ ಮುಗಿಯುವಂತೆ ಹೊಂದಿಸಿ.

ಸಾಮೂಹಿಕ ಹಾಡು ಮೂರೇ ಸಾಕು

ಎಲ್ಲ ತಂಡಗಳೂ ಸೇರಿ ಹಾಡುವ ಹಾಡುಗಳನ್ನು ಹನ್ನೆರಡು ವಾರ ಮೊದಲೇ ಗೊತ್ತುಮಾಡಿ, ಸಾಹಿತ್ಯ, ಸ್ವರಲಿಪಿ, ಧ್ವನಿಮುದ್ರಣ ಮೂರನ್ನೂ ಎಂಟು ವಾರ ಮೊದಲು ತಂಡಗಳಿಗೆ ಕಳಿಸಿ. ಧ್ವನಿಮುದ್ರಣ ಮಾತ್ರ ಕಳಿಸಿದರೆ ಒಂದೊಂದು ತಂಡ ಒಂದೊಂದು ಗಮಕ (ಸ್ವರದ ಓಲಾಟ) ಕಲಿತುಕೊಂಡು ಬರುತ್ತದೆ. ಕಲಿತದ್ದನ್ನು ಬಿಡಿಸುವುದು ಹೊಸದಾಗಿ ಕಲಿಸುವುದಕ್ಕಿಂತ ಕಷ್ಟ.

ಮೊದಲ ಹಾಡು ಎಲ್ಲರಿಗೂ ಬರುವಂಥದ್ದಿರಲಿ. ನಾಡಗೀತೆ ಇದಕ್ಕೆ ಸರಿಯಾದ ಆಯ್ಕೆ. 2022ರ ಸರ್ಕಾರಿ ಆದೇಶ ಅದನ್ನು ಮೈಸೂರು ಅನಂತಸ್ವಾಮಿ ಅವರ ಧಾಟಿಯಲ್ಲಿ, ಆಲಾಪ ಮತ್ತು ಪುನರಾವರ್ತನೆ ಇಲ್ಲದೆ, 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕೆಂದು ಗೊತ್ತುಪಡಿಸಿದೆ. ಧಾಟಿ ಮತ್ತು ಅವಧಿಯ ಚರ್ಚೆಯೇ ಏಳುವುದಿಲ್ಲ, ಶ್ರುತಿ ಒಂದನ್ನು ನಿರ್ಧರಿಸಿದರೆ ಆಯಿತು. ಎರಡನೆಯದು ಕಾರ್ಯಾಗಾರದಲ್ಲೇ ಕಲಿಯುವ ಹೊಸ ಹಾಡು. ಅದನ್ನು ಮಾತ್ರ ಮೊದಲೇ ಕಳಿಸಬೇಡಿ. ಮೂರನೆಯದು ಭಾಗಗಳಾಗಿ ಒಡೆದು ಹಾಡುವಂಥದ್ದು, ಅಂದರೆ ಒಂದೇ ಹೊತ್ತಿಗೆ ಬೇರೆ ಬೇರೆ ಗುಂಪು ಬೇರೆ ಬೇರೆ ಸ್ವರ ಹಾಡುವಂಥದ್ದು.

ಭಾಗ ಗಾಯನದ ಅಭ್ಯಾಸ ಇಲ್ಲದವರಿಗೆ ಮೋಹನ ರಾಗದ ಸರಳ ಹಾಡೇ ಒಳ್ಳೆಯ ಆರಂಭ. ಹಿಂದೂಸ್ತಾನಿಯವರ ಭೂಪ್‌ಗೂ ಸ್ವರಗಳು ಇವೇ. ಇದರಲ್ಲಿ ಮಧ್ಯಮ (ಮ), ನಿಷಾದ (ನಿ) ಇಲ್ಲ. ಅಂದರೆ ಒಂದಕ್ಕೊಂದು ಅರ್ಧ ಮನೆ (ಹಾರ್ಮೋನಿಯಂನಲ್ಲಿ ಒಂದು ಕೀಲಿಯಿಂದ ಅದರ ಪಕ್ಕದ ಕೀಲಿಗೆ ಇರುವಷ್ಟು) ಅಂತರದ ಸ್ವರಜೋಡಿಯೇ ಇಲ್ಲ. ಒಂದು ಗುಂಪು ಆರಂಭಿಸಿ ಎಂಟಕ್ಷರದ ಒಂದು ಆವರ್ತ ಮುಗಿಸಿದ ಮೇಲೆ ಎರಡನೇ ಗುಂಪು ಅದೇ ಸಾಲನ್ನು ಎತ್ತಿಕೊಂಡರೂ ಯಾವ ಸ್ವರವೂ ಇನ್ನೊಂದಕ್ಕೆ ಕರ್ಕಶವಾಗಿ ತಾಗುವುದಿಲ್ಲ. ಮೂರನೇ ಗುಂಪು ಷಡ್ಜ-ಪಂಚಮವನ್ನು ‘ಓ’ ಎಂದು ತೆಳುವಾಗಿ ಹಿಡಿದಿರಲಿ. ಶಂಕರಾಭರಣದಲ್ಲಿ ಇದನ್ನೇ ಮಾಡಲು ಹೋದರೆ ಗ-ಮ, ನಿ-ಸ ಢಿಕ್ಕಿಯಾಗುತ್ತವೆ. ಮುಕ್ತಾಯಕ್ಕೂ ಮೊದಲೇ ಯೋಚಿಸಿಡಿ: ಮುಂಚೆ ಮುಗಿಸಿದ ಗುಂಪು ಕೊನೆಯ ಸಾಲನ್ನೇ ಮತ್ತೆ ಮತ್ತೆ ಹಾಡುತ್ತಾ, ತಡವಾಗಿ ಬರುವ ಗುಂಪು ಬಂದು ಸೇರುವವರೆಗೆ ಕಾಯಬೇಕು.

ಸಾಧ್ಯವಾದರೆ ಆರು ತಂಡಗಳಲ್ಲಿ ಒಂದು ಚರ್ಚ್ ಗಾಯಕವೃಂದವಾಗಿರಲಿ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆ 1834ರಲ್ಲಿ ಮಂಗಳೂರಿಗೆ ಬಂದಿತು. ಆ ಪರಂಪರೆಯ ಚರ್ಚುಗಳಲ್ಲಿ ಕನ್ನಡ ಕೀರ್ತನೆಗಳನ್ನು ನಾಲ್ಕು ಭಾಗಗಳಲ್ಲಿ ಹಾಡುವ ರೂಢಿಯಿದೆ. ಪಕ್ಕದವರು ಬೇರೆ ಸ್ವರ ಹಾಡುತ್ತಿರುವಾಗ ತನ್ನ ಸ್ವರ ಬಿಡದೆ ಹಿಡಿಯುವುದು ಹೇಗೆ ಎಂಬುದನ್ನು ಅವರ ಜೊತೆ ಅರ್ಧ ಗಂಟೆ ನಿಂತರೆ ಕಲಿಯಬಹುದು.

ಹಕ್ಕುಸ್ವಾಮ್ಯವನ್ನು ಕಡೆಗಣಿಸಬೇಡಿ. ಭಾರತದಲ್ಲಿ ಕೃತಿಯ ಹಕ್ಕು ಕವಿ ತೀರಿಕೊಂಡ ವರ್ಷ ಮುಗಿದ ಮೇಲೆ 60 ವರ್ಷ ಇರುತ್ತದೆ. 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಕವಿತೆಗಳಿಗೆ 2041ರ ಕೊನೆಯವರೆಗೆ, 1994ರಲ್ಲಿ ತೀರಿಕೊಂಡ ಕುವೆಂಪು ಅವರ ಕವಿತೆಗಳಿಗೆ 2054ರ ಕೊನೆಯವರೆಗೆ. ವಚನ, ದಾಸರ ಪದಗಳ ಸಾಹಿತ್ಯ ಮುಕ್ತ. ಆದರೆ ಅದಕ್ಕೆ ಇತ್ತೀಚಿನವರು ಹಾಕಿದ ರಾಗಸಂಯೋಜನೆಗೆ ಬೇರೆಯೇ ಹಕ್ಕಿದೆ. ಹವ್ಯಾಸಿ ಸಂಘವೊಂದು ಹಣ ಪಡೆಯದೆ ಪ್ರೇಕ್ಷಕರ ಮುಂದೆ ಹಾಡುವುದಕ್ಕೆ ಕಾನೂನಿನಲ್ಲಿ ವಿನಾಯಿತಿ ಇದೆ. ಟಿಕೆಟ್ ಇಟ್ಟರೆ ಆ ವಿನಾಯಿತಿ ಹೋಯಿತು, ಅನುಮತಿ ಪಡೆಯಲೇಬೇಕು. ವಿಡಿಯೊ ಮಾಡಿ ಯೂಟ್ಯೂಬಿಗೆ ಹಾಕುವುದಾದರೆ ಅದಕ್ಕೂ ಪ್ರತ್ಯೇಕ ಅನುಮತಿ ಕೇಳಿ.

ಶ್ರುತಿ: ಎಲ್ಲ ಜಗಳದ ಮೂಲ, ಎಲ್ಲ ಸುಖದ ಮೂಲ

ಹೆಣ್ಣುಮಕ್ಕಳು ಐದೂವರೆ ಮನೆಯಲ್ಲಿ ಅಭ್ಯಾಸ ಮಾಡಿರುತ್ತಾರೆ, ಗಂಡಸರು ಒಂದು ಮನೆಯಲ್ಲಿ. ಮನೆ ಎಂದರೆ ಹಾರ್ಮೋನಿಯಂನ ‘ಸಿ’ ಕೀಲಿಯಿಂದ ಎಣಿಸಿದ ಶ್ರುತಿ: ಬಿಳಿ ಕೀಲಿಗಳು ಒಂದರಿಂದ ಏಳು, ನಡುವಿನ ಕಪ್ಪು ಕೀಲಿಗಳು ಅರೆ ಮನೆಗಳು. ಒಟ್ಟಿಗೆ ಹಾಡುವಾಗ ‘ನಡುವೆ ಯಾವುದಾದರೂ’ ಎಂದು ಮೂರು ಮನೆಗೆ ಇಟ್ಟರೆ ಒಂದು ಹಾಡಿಗೆ ಸರಿಹೋಗಬಹುದು, ಇನ್ನೊಂದರಲ್ಲಿ ಅರ್ಧ ಜನ ಕಿರುಚಬೇಕಾಗುತ್ತದೆ. ಶ್ರುತಿಯನ್ನು ಗಾಯಕರ ರೂಢಿಯಿಂದ ತೆಗೆಯಬೇಡಿ, ಹಾಡಿನ ಎತ್ತರದಿಂದ ತೆಗೆಯಿರಿ.

ತರಬೇತಿ ಕಡಿಮೆಯಿರುವ ದೊಡ್ಡ ಗುಂಪಿನಲ್ಲಿ ಹಾಡಿನ ಅತಿ ಎತ್ತರದ ಸ್ವರ ಎರಡು ಮನೆಯನ್ನು ಮೀರಬಾರದು. ಹಾರ್ಮೋನಿಯಂನಲ್ಲಿ ಉತ್ತರ ಕರ್ನಾಟಕದವರು ಅದನ್ನೇ ಬಿಳಿ ಎರಡು ಎನ್ನುತ್ತಾರೆ, ಕೀಬೋರ್ಡಿನವರು ಡಿ ಎನ್ನುತ್ತಾರೆ. ಹೆಂಗಸರು ಮೇಲಿನ ಸ್ಥಾಯಿಯ ಡಿ ಮುಟ್ಟುತ್ತಾರೆ, ಗಂಡಸರು ಒಂದು ಸ್ಥಾಯಿ ಕೆಳಗಿನದನ್ನು. ಅಲ್ಲಿಂದ ಹಿಂದಕ್ಕೆ ಎಣಿಸಿ. ಹಾಡು ತಾರಷಡ್ಜಕ್ಕೇ (ಮೇಲಿನ ‘ಸ’) ನಿಲ್ಲುವುದಾದರೆ ಆಧಾರಷಡ್ಜ (ಹಾಡಿನ ಮೂಲ ‘ಸ’) ಎರಡು ಮನೆ. ತಾರಸ್ಥಾಯಿಯ ಚತುಶ್ರುತಿ ರಿಷಭದವರೆಗೆ ಹೋದರೆ ಒಂದು ಮನೆ. ಅಂತರ ಗಾಂಧಾರ ಮುಟ್ಟಿದರೆ ಆರೂವರೆ. ಶುದ್ಧ ಮಧ್ಯಮವಾದರೆ ಆರು. ಪಂಚಮವಾದರೆ ಐದು.

ಮೇಲಿನ ಲೆಕ್ಕ ಮುಗಿದ ಮೇಲೆ ಕೆಳಗಿನ ತುದಿ ನೋಡಿ. ಹೆಂಗಸರ ದನಿ ತಮ್ಮ ಕೆಳಸ್ಥಾಯಿಯ ಐದು ಮನೆಗಿಂತ ತಗ್ಗಿದರೆ ಬರೀ ಉಸಿರಾಗುತ್ತದೆ. ಉದಾಹರಣೆಗೆ ಆರೂವರೆ ಶ್ರುತಿಯಲ್ಲಿ ಮಂದ್ರ ಪಂಚಮ (ಆಧಾರಷಡ್ಜಕ್ಕಿಂತ ಕೆಳಗಿನ ‘ಪ’) ಬಂದರೆ ಅದು ನಾಲ್ಕು ಮನೆಗೆ ಬೀಳುತ್ತದೆ. ಅಂಥ ಸಾಲನ್ನು ಗಂಡಸರಿಗೆ ಬಿಟ್ಟುಕೊಡಿ. ಅವರು ತಮ್ಮ ನಡುಸ್ಥಾಯಿಯಲ್ಲೇ ಹಾಡಿದರೆ ಕೇಳಲೂ ಚೆನ್ನ, ದನಿಯ ಬಣ್ಣವೂ ಬದಲಾಗುತ್ತದೆ.

ಹಾರ್ಮೋನಿಯಂ ಇದ್ದರೆ ಉಳಿದ ವಾದ್ಯಗಳೆಲ್ಲ ಅದಕ್ಕೇ ಹೊಂದಬೇಕು. ಹಾರ್ಮೋನಿಯಂನ ಪೀಪಿಯನ್ನು ಸ್ಥಳದಲ್ಲಿ ತಿದ್ದಲಾಗುವುದಿಲ್ಲ, ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಮತ್ತು ಕೀಬೋರ್ಡಿನಲ್ಲಿ ಸೂಕ್ಷ್ಮ ಹೊಂದಾಣಿಕೆಯ ಗುಂಡಿ ಇದೆ. ತಬಲ ಇನ್ನೊಂದು ತೊಡಕು. ಸುತ್ತಿಗೆಯಿಂದ ತಟ್ಟಿ ಅದನ್ನು ಅರ್ಧ ಮನೆ, ಹೆಚ್ಚೆಂದರೆ ಒಂದು ಮನೆ ಏರಿಳಿಸಬಹುದು. ಆರು ತಂಡಗಳು ಆರು ಶ್ರುತಿ ಹಿಡಿದು ಬಂದರೆ ಒಂದು ತಬಲದಿಂದ ಆಗದು. ತಂಡಗಳಿಂದ ಹಾಡಿನ ಹೆಸರಿನ ಜೊತೆ ಶ್ರುತಿಯನ್ನೂ ಬರೆಸಿಕೊಳ್ಳಿ, ಒಂದೇ ಶ್ರುತಿಯ ಹಾಡುಗಳು ಒಟ್ಟಿಗೆ ಬರುವಂತೆ ಕಾರ್ಯಕ್ರಮದ ಅನುಕ್ರಮ ಹೊಂದಿಸಿ, ಆ ಪಟ್ಟಿಯನ್ನು ತಬಲದವರಿಗೆ ಒಂದು ವಾರ ಮೊದಲೇ ಕಳಿಸಿ. ಬೇಕಾದ ತಬಲಗಳನ್ನು ಅವರೇ ತರುತ್ತಾರೆ.

ಶನಿವಾರದ ಕಾರ್ಯಾಗಾರ

ಗಾಯಕರನ್ನು ತಂಡದಂತೆ ಕೂರಿಸಬೇಡಿ. ನೋಂದಣಿಯಲ್ಲೇ ಮೂರು ಬಣ್ಣದ ಬ್ಯಾಡ್ಜ್ ಕೊಟ್ಟು ತಲಾ 40ರ ಮೂರು ಗುಂಪು ಮಾಡಿ, ಪ್ರತಿ ಗುಂಪಿನಲ್ಲೂ ಆರೂ ತಂಡದವರು ಇರುವಂತೆ ಹಂಚಿ. ಮೂರು ಕೋಣೆಗಳಲ್ಲಿ ಮೂರು ವಿಷಯ: ದನಿ ಮತ್ತು ಉಸಿರು, ಉಚ್ಚಾರ, ಹೊಸ ಹಾಡು. ಗುಂಪುಗಳು ಕೋಣೆಯಿಂದ ಕೋಣೆಗೆ ಹೋಗುತ್ತವೆ. ಬೆಳಿಗ್ಗೆ 9.15ಕ್ಕೆ ಎಲ್ಲರೂ ಸೇರಿ ದನಿ ಹದಮಾಡಿಕೊಳ್ಳುವುದು, 9.45 ಮತ್ತು 11.30ಕ್ಕೆ ಒಂದೊಂದು ಅವಧಿ, ಊಟದ ನಂತರ 2.45ಕ್ಕೆ ಮೂರನೆಯದು, 4.30ಕ್ಕೆ ಎಲ್ಲರ ಒಟ್ಟು ತಾಲೀಮು. ಸಂಜೆ 6.45ಕ್ಕೆ ಮೂರು ತಂಡಗಳ ಕಾರ್ಯಕ್ರಮ. ಉಳಿದ ಮೂರು ತಂಡಗಳಿಗೆ ಭಾನುವಾರ ಸಂಜೆ. ದನಿ ಬಿಟ್ಟು ಹಾಡುವ ಹೊತ್ತು ದಿನಕ್ಕೆ ಒಟ್ಟು ನಾಲ್ಕು ಗಂಟೆ ಮೀರದಿರಲಿ. ಮೀರಿದರೆ ಭಾನುವಾರ ಬೆಳಿಗ್ಗೆಯೇ ಅರ್ಧ ಜನರ ಗಂಟಲು ಕಟ್ಟಿರುತ್ತದೆ.

ಹದಮಾಡಿಕೊಳ್ಳಲು ಇಪ್ಪತ್ತು ನಿಮಿಷ ಸಾಕು. ಭುಜ, ಕುತ್ತಿಗೆ ಸಡಿಲಿಸಲು ಮೂರು ನಿಮಿಷ. ನಾಲ್ಕು ಎಣಿಕೆಗೆ ಉಸಿರು ತೆಗೆದು ‘ಸ್’ ಎಂದು ಎಂಟಕ್ಕೆ, ಆಮೇಲೆ ಹನ್ನೆರಡಕ್ಕೆ ಬಿಡುವುದು. ತುಟಿ ಸಡಿಲಬಿಟ್ಟು ‘ಬ್ರ್ರ್’ ಎನ್ನುತ್ತಾ ಷಡ್ಜದಿಂದ ಪಂಚಮಕ್ಕೆ ಜಾರುತ್ತಾ ಏರಿ ಮರಳಿ ಇಳಿಯುವುದು. ಆಮೇಲೆ ‘ಮ್’ಕಾರ. ಕೊನೆಗೆ ಸರಿಗಮಪ-ಪಮಗರಿಸ, ಪ್ರತಿ ಸಲ ಅರ್ಧ ಮನೆ ಏರಿಸುತ್ತಾ. ಮೊದಲ ನಿಮಿಷದಲ್ಲೇ ತಾರಸ್ಥಾಯಿಗೆ ಹೋಗಬೇಡಿ.

ಉಚ್ಚಾರದ ತರಗತಿಗೆ ಸಂಗೀತದವರಷ್ಟೇ ಭಾಷೆ ಬಲ್ಲವರೂ ಬೇಕು. ಒಬ್ಬರು ಹಾಡುವಾಗ ಕಾಣದ ದೋಷ ನೂರು ಜನ ಹಾಡುವಾಗ ನೂರು ಪಟ್ಟು ಕೇಳುತ್ತದೆ. ಕನ್ನಡದ ಹೆಚ್ಚಿನ ಪದಗಳು ಅ, ಇ, ಉ ಮೊದಲಾದ ಸ್ವರಾಕ್ಷರದಲ್ಲಿ ಮುಗಿಯುತ್ತವೆ. ಹಾಡಿನ ಸಾಲು ಮುಗಿಯುವುದೂ ಹಾಗೆಯೇ. ಕೊನೆಯ ‘ಉ’ವನ್ನು ಕೆಲವರು ನುಂಗುತ್ತಾರೆ, ಕೆಲವರು ‘ಊ’ ಎಂದು ಎಳೆಯುತ್ತಾರೆ. ಸಾಲಿನ ಕೊನೆ ಹರಿದ ಬಟ್ಟೆಯ ಅಂಚಿನಂತೆ ಕಾಣುವುದು ಇದರಿಂದಲೇ. ಪರಿಹಾರ ಒಂದೇ: ಕೊನೆಯ ಸ್ವರಾಕ್ಷರ ಎಷ್ಟು ಮಾತ್ರೆ, ಯಾವ ಎಣಿಕೆಗೆ ಬಾಯಿ ಮುಚ್ಚಬೇಕು ಎಂಬುದನ್ನು ಹಾಳೆಯಲ್ಲೇ ಗುರುತು ಹಾಕಿಸಿ. ಹ್ರಸ್ವ-ದೀರ್ಘ ತಿದ್ದಲು ಹಾಡಿಸಬೇಡಿ, ತಾಳ ಹಾಕುತ್ತಾ ಬರೀ ಓದಿಸಿ. ಅ-ಹ, ಲ-ಳ, ನ-ಣ, ಸ-ಶ ವ್ಯತ್ಯಾಸ ಊರಿಂದೂರಿಗೆ ಬೇರೆ. ಯಾರನ್ನೂ ಎದ್ದು ನಿಲ್ಲಿಸಿ ತಿದ್ದದೆ ಎಲ್ಲರಿಂದಲೂ ಒಟ್ಟಿಗೆ ಹೇಳಿಸಿ. ಹೆಸರು ಹಿಡಿದು ತಿದ್ದಿಸಿಕೊಂಡವರು ಸಂಜೆಗೆ ಬರೀ ತುಟಿ ಆಡಿಸುತ್ತಾರೆ.

ಹೊಸ ಹಾಡನ್ನು 75 ನಿಮಿಷದಲ್ಲಿ ಕಲಿಸುವ ಕ್ರಮ:

1. ಮೊದಲ 5 ನಿಮಿಷ: ಕಲಿಸುವವರು ಇಡೀ ಹಾಡನ್ನು ಒಮ್ಮೆ ಹಾಡುತ್ತಾರೆ, ಯಾರ ಕೈಯಲ್ಲೂ ಹಾಳೆ ಇಲ್ಲ.
2. 10 ನಿಮಿಷ: ಹಾಳೆ ಕೊಟ್ಟು ಅರ್ಥ ಹೇಳಿ, ತಾಳದ ಮೇಲೆ ಓದಿಸುವುದು. ಕೆಹರವಾ ಆದರೆ ಎಂಟು ಮಾತ್ರೆ, ದಾದ್ರಾ ಆದರೆ ಆರು. ಪದ ಎಲ್ಲಿ ಎತ್ತಿಕೊಳ್ಳುತ್ತದೆ ಎಂಬುದು ಇಲ್ಲೇ ಮನಸ್ಸಿಗೆ ಹೋಗಬೇಕು.
3. 25 ನಿಮಿಷ: ಪಲ್ಲವಿ ಮತ್ತು ಮೊದಲ ಚರಣ, ಸಾಲು ಸಾಲಾಗಿ. ಕಲಿಸುವವರು ಹಾಡುವಾಗ ಗುಂಪು ಸುಮ್ಮನಿರಬೇಕು. ಜೊತೆಗೇ ಗುನುಗುವವರು ತಮ್ಮ ತಪ್ಪನ್ನೇ ಕೇಳಿಸಿಕೊಂಡು ಅದನ್ನೇ ಕಲಿಯುತ್ತಾರೆ.
4. 10 ನಿಮಿಷ: ಕಷ್ಟದ ಜಾಗ ಮಾತ್ರ, ಅರ್ಧ ವೇಗದಲ್ಲಿ. ಸಾಮಾನ್ಯವಾಗಿ ಅದು ಪಲ್ಲವಿಗೆ ಮರಳುವ ತಿರುವು.
5. 15 ನಿಮಿಷ: ಉಳಿದ ಚರಣಗಳು. ಧಾಟಿ ಒಂದೇ ಆಗಿದ್ದರೂ ಅಕ್ಷರ ಹೆಚ್ಚುಕಡಿಮೆ ಆಗುವ ಕಡೆ ನಿಲ್ಲಿಸಿ ತೋರಿಸಿ.
6. ಉಳಿದ 10 ನಿಮಿಷ: ಹಾಳೆ ಮಡಚಿಟ್ಟು, ಎದ್ದು ನಿಂತು, ಎರಡು ಸಲ ಪೂರ್ತಿ.

ನೂರಕ್ಕೂ ಹೆಚ್ಚು ದನಿಗಳನ್ನು ಹಾರ್ಮೋನಿಯಂ ಮುಂದೆ ಕೂತು ತಲೆಯಾಡಿಸಿ ನಡೆಸಲಾಗದು. ಎದುರಿಗೆ ಒಬ್ಬರು ನಿಂತು ಕೈಯಿಂದ ಆರಂಭ, ಉಸಿರು, ಮುಕ್ತಾಯ ತೋರಿಸಬೇಕು. ಆರೂ ತಂಡಗಳ ಮುಖ್ಯಸ್ಥರನ್ನು ಮಧ್ಯಾಹ್ನ ಊಟದ ನಂತರ ಅರ್ಧ ಗಂಟೆ ಕೂರಿಸಿ ಈ ಮೂರು ಸನ್ನೆ ಒಂದೇ ರೀತಿ ಇರುವಂತೆ ಒಪ್ಪಿಸಿ.

ಒಟ್ಟು ತಾಲೀಮಿನಲ್ಲಿ ಎದುರಾಗುವ ತೊಂದರೆಗಳು

ಶ್ರುತಿ ಜಾರುವುದು ಹೆಚ್ಚಾಗಿ ನಿಧಾನ ಹಾಡಿನಲ್ಲಿ, ಅದರಲ್ಲೂ ಇಳಿಕೆಯ ಸಾಲುಗಳಲ್ಲಿ. ಇಳಿಯುವಾಗ ಪ್ರತಿ ಹೆಜ್ಜೆ ತುಸು ದೊಡ್ಡದಾಗುತ್ತದೆ, ಏರುವಾಗ ತುಸು ಚಿಕ್ಕದಾಗುತ್ತದೆ, ಎರಡು ಚರಣಕ್ಕೆ ಅರ್ಧ ಮನೆ ಕಳೆದಿರುತ್ತದೆ. ‘ಶ್ರುತಿ ಸೇರಿಸಿ’ ಎಂದು ಕೂಗಿದರೆ ಏನೂ ಆಗದು. ಕೂತವರನ್ನು ಎಬ್ಬಿಸಿ ನಿಲ್ಲಿಸಿ, ಇಳಿಕೆಯ ಸಾಲನ್ನು ಮಾತ್ರ ಸ್ವರದಲ್ಲಿ ಹಾಡಿಸಿ, ಗಾಂಧಾರ ಮತ್ತು ನಿಷಾದದ ಮೇಲೆ ನಿಲ್ಲಿಸಿ ಶ್ರುತಿಪೆಟ್ಟಿಗೆಗೆ ಹೋಲಿಸಿ.

ಉದ್ದ ಸಾಲಿನ ನಡುವೆ ಎಲ್ಲರೂ ಒಂದೇ ಕಡೆ ಉಸಿರು ತೆಗೆದರೆ ಹಾಡಿನಲ್ಲಿ ತೂತು ಬೀಳುತ್ತದೆ. ಪಕ್ಕದವರು ಉಸಿರು ತೆಗೆಯುವಾಗ ನೀವು ಹಾಡುತ್ತಿರಿ, ಪದದ ಮಧ್ಯೆ ಬೇಕಾದರೂ ಸದ್ದಿಲ್ಲದೆ ಉಸಿರು ತೆಗೆದು ಮೆಲ್ಲಗೆ ಮರಳಿ ಸೇರಿಕೊಳ್ಳಿ ಎಂದು ಹೇಳಿಕೊಡಿ. ಒಬ್ಬರೇ ಹಾಡುವಾಗ ಪದ ಒಡೆಯುವುದು ತಪ್ಪು. ನೂರು ಜನರಲ್ಲಿ ಅದು ಕೇಳಿಸುವುದೇ ಇಲ್ಲ.

ಜಾಗದ ಲೆಕ್ಕವನ್ನು ಶನಿವಾರವೇ ಮಾಡಿ. ನಿಂತು ಹಾಡಲು ಒಬ್ಬರಿಗೆ 55 ಸೆಂ.ಮೀ. ಅಗಲ ಬೇಕು. 12 ಮೀಟರ್ ವೇದಿಕೆಯಲ್ಲಿ ಸಾಲಿಗೆ 21 ಮಂದಿ, ನಾಲ್ಕು ಸಾಲಿಗೆ 84. ಉಳಿದ 36 ಮಂದಿಯನ್ನು ವೇದಿಕೆಯ ಮುಂದೆ ನೆಲದ ಮೇಲೆ ಎರಡು ಬದಿಗೆ ನಿಲ್ಲಿಸಿ. ಹಿಂದಿನ ಸಾಲುಗಳಿಗೆ 20, 40, 60 ಸೆಂ.ಮೀ. ಎತ್ತರದ ಮೆಟ್ಟಿಲು ಬೇಕು, ಆಳ 60 ಸೆಂ.ಮೀ.ಗೆ ಕಡಿಮೆಯಾಗಬಾರದು. ಊಟದ ಟೇಬಲ್, ಶಾಲೆಯ ಬೆಂಚು ಜೋಡಿಸಬೇಡಿ. ಸಾಲಿಗೆ 21 ಮಂದಿ ಎಂದರೆ ಸಾವಿರದ ಇನ್ನೂರು ಕಿಲೋಗೂ ಮಿಗಿಲಾದ ಭಾರ, ಅದೂ ತಾಳಕ್ಕೆ ಓಲಾಡುವ ಭಾರ. ಶಾಮಿಯಾನದವರ ಕಬ್ಬಿಣದ ಚೌಕಟ್ಟಿನ ವೇದಿಕೆಯನ್ನೇ ಕೇಳಿ, ಅತಿ ಎತ್ತರದ ಸಾಲಿನ ಹಿಂದೆ ಅಡ್ಡಕಂಬಿ ಹಾಕಿಸಿ.

ಸಭಾಂಗಣದ ಹಿಂದಿನಿಂದಲೂ ಹಾಡಿಸುವ ಆಸೆ ಹಲವರಿಗೆ ಇರುತ್ತದೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುತ್ತದೆ, 20 ಮೀಟರ್ ದೂರದಲ್ಲಿ ನಿಂತವರಿಗೆ ತಬಲ 0.06 ಸೆಕೆಂಡ್ ತಡವಾಗಿ ಕೇಳುತ್ತದೆ. ಅದನ್ನು ಕೇಳಿ ಅವರು ಹಾಡಿದ್ದು ವೇದಿಕೆಗೆ ಮುಟ್ಟುವಾಗ ಇನ್ನೂ ಅಷ್ಟೇ ತಡ. ಚುರುಕಿನ ಹಾಡು ಇದರಿಂದ ಕಲಸಿಹೋಗುತ್ತದೆ. ದೂರ ನಿಂತವರು ಕಿವಿಯನ್ನು ನಂಬದೆ ಕೈಸನ್ನೆಯನ್ನೇ ನೋಡಿ ಹಾಡಬೇಕು. ಅದು ಕೂಡಿಬರದಿದ್ದರೆ ನಿಧಾನ ಹಾಡಿಗೆ ಮಾತ್ರ ಈ ವ್ಯವಸ್ಥೆ ಇಟ್ಟುಕೊಳ್ಳಿ.

ಮೈಕ್

ಮೈಕ್‌ನವರು ಸಾಲಿಗೆ ಹತ್ತು ಕೈಮೈಕ್ ತಂದಿಡಲು ಸಿದ್ಧರಿರುತ್ತಾರೆ. ಒಪ್ಪಬೇಡಿ. ಕೈಮೈಕ್ ಬಾಯಿಗೆ ಒಂದು ಗೇಣಿನೊಳಗೆ ಇದ್ದರೆ ಮಾತ್ರ ಚೆನ್ನಾಗಿ ಹಿಡಿಯುತ್ತದೆ. ಅದರ ಮುಂದೆ ನಿಂತ ಹತ್ತು ಜನರೇ ಹಾಡಿದಂತೆ ಕೇಳುತ್ತದೆ, ಉಳಿದವರು ಇಲ್ಲದಂತಾಗುತ್ತಾರೆ. 40 ಮಂದಿಗೆ ಮೂರರಿಂದ ನಾಲ್ಕು ಕಂಡೆನ್ಸರ್ ಮೈಕ್ (ದೂರದ ದನಿಯನ್ನೂ ಹಿಡಿಯುವಂಥದ್ದು) ಸಾಕು. ಅದಕ್ಕೆ ಮಿಕ್ಸರ್‌ನಲ್ಲಿ 48 ವೋಲ್ಟ್‌ನ ಫ್ಯಾಂಟಮ್ ಪವರ್ (ಮೈಕ್‌ನ ತಂತಿಯಲ್ಲೇ ಹೋಗುವ ವಿದ್ಯುತ್) ಇದೆಯೇ ಎಂದು ಬುಕ್ ಮಾಡುವಾಗಲೇ ಕೇಳಿ. ಮೊದಲ ಸಾಲಿನಿಂದ ಸುಮಾರು ಒಂದು ಮೀಟರ್ ಮುಂದೆ, ಹಿಂದಿನ ಸಾಲಿನವರ ತಲೆಯ ಎತ್ತರದಲ್ಲಿ, ಹಿಂದಿನವರತ್ತ ಮುಖ ಮಾಡಿ ನಿಲ್ಲಿಸಿ. ಗಾಯಕರಿಂದ ಮೈಕ್ ಎಷ್ಟು ದೂರವೋ ಅದರ ಮೂರು ಪಟ್ಟು ಅಂತರ ಮೈಕ್ ಮೈಕ್‌ಗಳ ನಡುವೆ ಇರಲಿ. ಹತ್ತಿರವಿಟ್ಟರೆ ಒಂದೇ ದನಿ ಎರಡರಲ್ಲೂ ಹೊತ್ತು ತಪ್ಪಿ ಸೇರಿ ಡಬ್ಬದೊಳಗಿನ ಸದ್ದಿನಂತೆ ಕೇಳುತ್ತದೆ.

ಮೈಕ್ ಕೂಗುವುದಕ್ಕೆ ಕಾರಣ, ಸ್ಪೀಕರ್‌ನ ಸದ್ದು ಮರಳಿ ಮೈಕ್‌ಗೆ ಹೋಗುವುದು. ಸ್ಪೀಕರ್‌ಗಳು ಮೈಕ್‌ಗಳಿಗಿಂತ ಎರಡು ಮೂರು ಮೀಟರ್ ಮುಂದೆಯೇ ಇರಬೇಕು. ಗಾಯಕರತ್ತ ಮುಖ ಮಾಡಿದ ಮಾನಿಟರ್ ಸ್ಪೀಕರ್‌ನಲ್ಲಿ ಶ್ರುತಿ, ಹಾರ್ಮೋನಿಯಂ, ತಬಲ ಮಾತ್ರ ಬರಲಿ, ಗಾಯಕರ ದನಿ ಬೇಡ. ಎಕೋವನ್ನು ಪೂರ್ತಿ ತೆಗೆಸಿ, ಮಂಟಪವೇ ಸಾಕಷ್ಟು ಕೊಡುತ್ತದೆ. ಪ್ರತಿ ತಂಡಕ್ಕೆ 15 ನಿಮಿಷ ಧ್ವನಿ ಪರೀಕ್ಷೆ ಇರಲಿ, ಅದರಲ್ಲಿ ತಂಡದ ಅತಿ ಜೋರಿನ ಭಾಗ, ಅತಿ ಮೆಲ್ಲನೆಯ ಭಾಗ ಎರಡನ್ನೇ ಹಾಡಿಸಿ.

ಊಟ, ನೀರು

ಉಪ್ಪಿಟ್ಟಿಗೆ ತಲೆಗೆ 70 ಗ್ರಾಂ ರವೆಯಂತೆ 140 ಮಂದಿಗೆ 10 ಕಿಲೋ, ಮಧ್ಯಾಹ್ನದ ಅನ್ನಕ್ಕೆ 120 ಗ್ರಾಂ ಅಕ್ಕಿಯಂತೆ 17 ಕಿಲೋ. ಕುಡಿಯುವ ನೀರು ದಿನಕ್ಕೆ ತಲೆಗೆ 3 ಲೀಟರ್, ಅಂದರೆ 20 ಲೀಟರಿನ 21 ಕ್ಯಾನ್. ಅದರಲ್ಲಿ ಕಾಲು ಭಾಗವಾದರೂ ಬೆಚ್ಚಗಿರಲಿ. ಊಟ ಮುಗಿದು ಒಂದೂವರೆ, ಎರಡು ಗಂಟೆ ಬಿಟ್ಟು ಹಾಡಿಸಿ. ತುಂಬಿದ ಹೊಟ್ಟೆಯಲ್ಲಿ ಉಸಿರು ಕೆಳಗಿಳಿಯುವುದಿಲ್ಲ, ಎಣ್ಣೆ-ಖಾರದ ಊಟವಾದರೆ ಹುಳಿತೇಗು ಗಂಟಲವರೆಗೆ ಬರುತ್ತದೆ. ಭಾನುವಾರದ ಬಜ್ಜಿಯನ್ನು ಕಾರ್ಯಕ್ರಮ ಮುಗಿದ ಮೇಲೆ ಕೊಡಿ.

ಭಾನುವಾರ ಸಂಜೆ

ಬೆಳಿಗ್ಗೆ ಒಂದೂವರೆ ಗಂಟೆಯ ಒಟ್ಟು ತಾಲೀಮು, ಸಂಜೆಯ ಮೂರು ತಂಡಗಳ ಧ್ವನಿ ಪರೀಕ್ಷೆ, ಊಟ, ನಾಲ್ಕರವರೆಗೆ ಬಾಯಿಗೆ ವಿಶ್ರಾಂತಿ. ಐದಕ್ಕೆ ಸರಿಯಾಗಿ ಆರಂಭ.

ಪ್ರಾರ್ಥನೆ, ಸ್ವಾಗತ, ದೀಪ, ಹಾರ-ಶಾಲು, ಅತಿಥಿ ಭಾಷಣ, ಅಧ್ಯಕ್ಷ ಭಾಷಣ, ವಂದನಾರ್ಪಣೆ, ಇಷ್ಟನ್ನೂ ಇಟ್ಟರೆ ಒಂದು ಗಂಟೆ ದಾಟುತ್ತದೆ. ಅಷ್ಟು ಹೊತ್ತು ಗಾಯಕರು ಪಕ್ಕದಲ್ಲಿ ನಿಂತೇ ಇರುತ್ತಾರೆ, ಹದಮಾಡಿದ ದನಿ ತಣ್ಣಗಾಗುತ್ತದೆ, ತಬಲದ ಶ್ರುತಿಯೂ ಇಳಿಯುತ್ತದೆ. ಸಭೆಗೆ 15 ನಿಮಿಷ ಎಂದು ಅತಿಥಿಗಳಿಗೆ ಆಹ್ವಾನ ಕೊಡುವಾಗಲೇ ವಿನಯದಿಂದ ಹೇಳಿಬಿಡಿ. ನಾಡಗೀತೆಯನ್ನು 120 ಮಂದಿಯೂ ಹಾಡುತ್ತಾರೆ, ಪ್ರತ್ಯೇಕ ಪ್ರಾರ್ಥನೆ ಬೇಡ. ಆಮೇಲೆ ಮೂರು ತಂಡಗಳಿಗೆ ತಲಾ 20 ನಿಮಿಷ. ತಂಡ ಇಳಿದು ತಂಡ ಹತ್ತುವ ಹೊತ್ತಿಗೆ ನಿರೂಪಕರು ಮುಂದಿನ ಹಾಡಿನ ಕವಿ, ರಾಗಸಂಯೋಜಕರ ಹೆಸರು ಹೇಳಿದರೆ ಸಾಕು. ಕೊನೆಗೆ ಕಾರ್ಯಾಗಾರದಲ್ಲಿ ಕಲಿತ ಹಾಡು, ಅದರ ಹಿಂದೆಯೇ ಮೋಹನದ ಹಾಡು.

ವಂದನಾರ್ಪಣೆ ಈ ಎರಡು ಹಾಡುಗಳಿಗೆ ಮೊದಲೇ ಮುಗಿದಿರಲಿ. ಕೊನೆಯ ಆವರ್ತದಲ್ಲಿ ತಬಲ ನಿಲ್ಲಿಸಿ, ಗುಂಪುಗಳು ಒಂದೊಂದಾಗಿ ಬಂದು ಸೇರಿ ಷಡ್ಜದ ಮೇಲೆ ನಿಂತಾಗ ಮೈಕ್‌ಗಳನ್ನೂ ತಗ್ಗಿಸುವಂತೆ ಮೊದಲೇ ಹೇಳಿರಿ. ಕೈ ಇಳಿಯುವವರೆಗೆ ಯಾರೂ ಅಲುಗಬಾರದು, ನಿರೂಪಕರು ಮಾತು ಎತ್ತಬಾರದು. ಜನ ಎದ್ದು ಹೊರಡುವಾಗ ಗಂಟೆ 7.30 ಆಗಿರುತ್ತದೆ, ಹಳ್ಳಿ ಕಡೆಯ ಕೊನೆಯ ಬಸ್ ಹಿಡಿಯುವ ತಂಡಗಳಿಗೆ ಬಜ್ಜಿಯನ್ನು ಪೊಟ್ಟಣ ಕಟ್ಟಿ ಬಾಗಿಲಲ್ಲೇ ಕೊಡಿ.